ಗ್ರಾಹಕರು ತರುವ ಬಿಡಿಭಾಗ: ಗ್ಯಾರೇಜಿನ ಹೊಣೆ ಎಷ್ಟು?

ಭೀಮಾ ನದಿಯ ದಂಡೆಯಲ್ಲಿರುವ ದೇವಣಗಾಂವ ಹಿಂದೆ ಸಿಂದಗಿ ತಾಲ್ಲೂಕಿಗೆ ಸೇರಿದ್ದು, ಈಗ ಆಲಮೇಲ ತಾಲ್ಲೂಕಿನಲ್ಲಿದೆ. ಸೇತುವೆ ದಾಟಿದರೆ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕು. ಕಬ್ಬು ಬೆಳೆಯುವ ಈ ಭಾಗದಲ್ಲಿ ಟ್ರ್ಯಾಕ್ಟರು ಹೊಲದ ಸಾಧನವೂ ಹೌದು, ಸಾಗಾಣಿಕೆಯ ವಾಹನವೂ ಹೌದು. ಕಬ್ಬು ನುರಿಸುವ ಹಂಗಾಮಿನಲ್ಲಿ ಅದು ಒಂದು ದಿನ ನಿಂತರೆ ಬಾಡಿಗೆ ತಪ್ಪುವುದಲ್ಲದೆ, ಕಡಿದ ಕಬ್ಬು ಹೊಲದಲ್ಲಿಯೇ ಒಣಗಿ ತೂಕ ಕಳೆದುಕೊಳ್ಳುತ್ತದೆ. ಆದಕಾರಣ ಬೇಕಾದ ಬಿಡಿಭಾಗ ಊರಿನಲ್ಲಿ ದೊರೆಯದಿದ್ದಾಗ ಮಾಲೀಕನು ತಾನೇ ಸಿಂದಗಿ, ವಿಜಯಪುರ, ಕಲಬುರಗಿ ಅಥವಾ ಸೊಲ್ಲಾಪುರದಿಂದ ಅದನ್ನು ತಂದು ಮಿಸ್ತ್ರಿಯ ಕೈಗೆ ಕೊಡುವುದು ಇಂತಹ ಊರುಗಳಲ್ಲಿ ಸಹಜ. ದರ ಕಡಿಮೆ ಎಂಬ ಕಾರಣಕ್ಕೆ ಆನ್‌ಲೈನ್ ಮೂಲಕ ತರಿಸುವವರೂ ಇದ್ದಾರೆ.

ಭಾಗ ಚೆನ್ನಾಗಿ ಬಾಳಿದರೆ ಮಾತೇ ಇಲ್ಲ. ಹದಿನೈದು ದಿನಗಳಲ್ಲಿ ಕೆಟ್ಟರೆ, ಮತ್ತೊಮ್ಮೆ ಬಿಚ್ಚಿ ಜೋಡಿಸುವ ಮಜೂರಿ ಯಾರದು ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರವನ್ನು ಯಂತ್ರ ಬಿಚ್ಚುವ ಮೊದಲೇ ನಿರ್ಧರಿಸಿಕೊಳ್ಳದಿರುವುದೇ ಬಹುತೇಕ ಜಗಳಗಳಿಗೆ ಮೂಲ.

ಲೆಕ್ಕದ ಒಳಗುಟ್ಟು

ತಿಳಿವಳಿಕೆಗಾಗಿ ಒಂದು ಲೆಕ್ಕ ನೋಡಬಹುದು. ಕ್ಲಚ್ ಪ್ಲೇಟಿನ ಮುದ್ರಿತ ಬೆಲೆ 4,000 ರೂ. ಎನ್ನೋಣ. ಗ್ಯಾರೇಜಿನವನಿಗೆ ಅದು ವ್ಯಾಪಾರಿ ದರದಲ್ಲಿ 3,400 ರೂ.ಗೆ ದೊರೆಯುತ್ತದೆ. ಆತ 1,500 ರೂ. ಮಜೂರಿ ಸೇರಿಸಿ ಒಟ್ಟು 5,500 ರೂ. ಪಡೆದರೆ, ಅವನ ನಿಜವಾದ ಆದಾಯ 2,100 ರೂ. ಗ್ರಾಹಕನು ಅದೇ ಪ್ಲೇಟನ್ನು ಪೇಟೆಯಿಂದ 3,600 ರೂ.ಗೆ ತಂದರೆ ತನಗೆ 400 ರೂ. ಉಳಿಯಿತೆಂದು ಭಾವಿಸುತ್ತಾನೆ. ಗ್ಯಾರೇಜಿಗೆ ಮಾತ್ರ 600 ರೂ. ಕಡಿಮೆಯಾಗುತ್ತದೆ.

ಈ 600 ರೂ. ಬರಿಯ ಲಾಭವಲ್ಲ. ಭಾಗವನ್ನು ಆರಿಸುವ ಅನುಭವ, ತರಿಸುವ ಓಡಾಟ, ಎಲ್ಲಕ್ಕಿಂತ ಮುಖ್ಯವಾಗಿ ಭಾಗ ಕೆಟ್ಟರೆ ಉಚಿತವಾಗಿ ಮತ್ತೆ ಜೋಡಿಸಿಕೊಡುವ ಹೊಣೆ ಅದರಲ್ಲಿ ಅಡಗಿವೆ. ಕ್ಲಚ್ ಪ್ಲೇಟ್ ಬದಲಿಸಲು ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕಾಗುತ್ತದೆ; ಎರಡನೆಯ ಸಲದ ದುಡಿಮೆ ಸಣ್ಣದಲ್ಲ. ಭಾಗವನ್ನು ತಾನೇ ತರುವ ಗ್ರಾಹಕನು ಈ ಹೊಣೆಯನ್ನೂ ತಾನೇ ಹೊರುತ್ತಾನೆ. ಆದ್ದರಿಂದ ಮಜೂರಿಯ ನಿಜವಾದ ದರವನ್ನು ಬಿಡಿಭಾಗದ ಬೆಲೆಯಲ್ಲಿ ಮರೆಮಾಡದೆ ಪ್ರತ್ಯೇಕವಾಗಿ ತಿಳಿಸುವುದು ಗ್ಯಾರೇಜಿಗೂ ಗ್ರಾಹಕನಿಗೂ ಕ್ಷೇಮ. ನೋಂದಾಯಿತ ಗ್ಯಾರೇಜುಗಳಿಗೆ ಇದರಿಂದ ತೆರಿಗೆಯ ಲೆಕ್ಕವೂ ಸ್ಪಷ್ಟವಾಗುತ್ತದೆ. ಭಾಗ ಹಾಗೂ ಸೇವೆಯ ಮೌಲ್ಯವನ್ನು ಬಿಲ್ಲಿನಲ್ಲಿ ಬೇರೆಬೇರೆ ತೋರಿಸಿದಾಗ ಆಯಾ ದರದಂತೆ ಜಿ.ಎಸ್.ಟಿ. ಅನ್ವಯಿಸುವುದೆಂದು 2018ರ ಜೂನ್‌ನ ಸುತ್ತೋಲೆ ತಿಳಿಸಿದೆ.

ಕಾನೂನಿನ ನೋಟ

ದುರಸ್ತಿಗೆ ಒಪ್ಪಿಸಿದ ವಾಹನಕ್ಕೂ ಗ್ರಾಹಕ ತಂದ ಬಿಡಿಭಾಗಕ್ಕೂ 1872ರ ಭಾರತೀಯ ಕರಾರು ಅಧಿನಿಯಮ ಅನ್ವಯಿಸುತ್ತದೆ. ಸಾಮಾನ್ಯ ವಿವೇಕವುಳ್ಳ ವ್ಯಕ್ತಿಯು ತನ್ನ ಸ್ವಂತ ವಸ್ತುವಿಗೆ ವಹಿಸುವಷ್ಟು ಕಾಳಜಿಯನ್ನು ಗ್ಯಾರೇಜಿನವನು ಇವುಗಳಿಗೆ ವಹಿಸಬೇಕು. ವಿರುದ್ಧವಾದ ಕರಾರು ಇಲ್ಲದಿದ್ದರೆ, ಮಾಡಿದ ಕೆಲಸದ ಮಜೂರಿ ಸಲ್ಲುವವರೆಗೆ ವಾಹನವನ್ನು ತನ್ನಲ್ಲಿ ಇಟ್ಟುಕೊಳ್ಳುವ ಹಕ್ಕೂ ಆತನಿಗಿದೆ.

ಭಾಗದ ಗುಣಮಟ್ಟಕ್ಕೆ ಉತ್ತರ ಹೇಳಬೇಕಾದವನು ಅದನ್ನು ಮಾರಿದವನು. 1930ರ ಸರಕು ಮಾರಾಟ ಅಧಿನಿಯಮದ ಪ್ರಕಾರ, ಖರೀದಿದಾರನು ತನ್ನ ಉದ್ದೇಶ ತಿಳಿಸಿ ಅಂಗಡಿಯವನ ತಿಳಿವಳಿಕೆಯನ್ನು ನಂಬಿ ಕೊಂಡಿದ್ದರೆ, ಸರಕು ಆ ಉದ್ದೇಶಕ್ಕೆ ಯೋಗ್ಯವಾಗಿರಬೇಕು. ಆದ್ದರಿಂದ ಕೊಳ್ಳುವಾಗ ಟ್ರ್ಯಾಕ್ಟರಿನ ಮಾದರಿಯನ್ನು ಹೇಳಿ, ಅದನ್ನು ಬಿಲ್ಲಿನಲ್ಲಿ ಬರೆಯಿಸಿಕೊಳ್ಳುವುದು ಉಪಯುಕ್ತ. ಬಿಲ್ಲಿಲ್ಲದ ಅಗ್ಗದ ಮಾಲಿಗೆ ಈ ರಕ್ಷಣೆ ಪಡೆಯುವುದು ಕಷ್ಟ.

ಜೋಡಣೆಯ ದೋಷಕ್ಕೆ ಮಾತ್ರ ಗ್ಯಾರೇಜೇ ಹೊಣೆ. ‘ಭಾಗ ನಮ್ಮದಲ್ಲ’ ಎಂಬ ಮಾತು ಕಳಪೆ ಕೆಲಸಕ್ಕೆ ರಕ್ಷಣೆಯಾಗದು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಸೇವಾ ನ್ಯೂನತೆಗೆ ಪರಿಹಾರ ಒದಗಿಸುತ್ತದೆ. ವಾಣಿಜ್ಯ ಉದ್ದೇಶದ ಬಳಕೆ ಇದರ ವ್ಯಾಪ್ತಿಗೆ ಬಾರದಿದ್ದರೂ, ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿಯೇ ಟ್ರ್ಯಾಕ್ಟರು ಬಳಸುವವನು ಗ್ರಾಹಕನೆಂದೇ ಪರಿಗಣಿತನಾಗುತ್ತಾನೆ.

ದೋಷ ಯಾವುದರದು?

ಕ್ಲಚ್ ಪ್ಲೇಟು ಬೇಗನೆ ಸವೆಯಲು ಪ್ಲೇಟೇ ಕಳಪೆಯಾಗಿರಬಹುದು. ಜೋಡಿಸುವಾಗ ಹೊಂದಾಣಿಕೆ ತಪ್ಪಿರಬಹುದು. ಸವೆದ ಆಯಿಲ್ ಸೀಲಿನಿಂದ ಎಣ್ಣೆ ಸೋರಿ ಪ್ಲೇಟಿಗೆ ತಗುಲಿರಬಹುದು. ಚಾಲಕನು ಪೆಡಲಿನ ಮೇಲೆ ಸದಾ ಕಾಲಿಟ್ಟು ಓಡಿಸಿರಬಹುದು. ಈ ನಾಲ್ಕರಲ್ಲಿ ಯಾವುದು ನಿಜವೆಂಬುದನ್ನು ಕೆಟ್ಟ ಭಾಗವನ್ನು ಇಬ್ಬರ ಎದುರಿಗೆ ಪರೀಕ್ಷಿಸಿದಾಗ ಮಾತ್ರ ಹೇಳಲು ಸಾಧ್ಯ. ಬಿಚ್ಚಿದ ಹಳೆಯ ಭಾಗವನ್ನು ಗುಜರಿಗೆ ಹಾಕದೆ ಗ್ರಾಹಕನಿಗೆ ಒಪ್ಪಿಸುವ ಪದ್ಧತಿ ಇದಕ್ಕಾಗಿಯೇ ಅಗತ್ಯ.

ಬ್ರೇಕ್, ಸ್ಟೀರಿಂಗ್ ಹಾಗೂ ಟ್ರೇಲರ್ ಜೋಡಣೆಯ ಭಾಗಗಳ ವಿಚಾರ ಬೇರೆಯದು. ಎರಡು ಟ್ರೇಲರುಗಳ ತುಂಬ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರಿನಲ್ಲಿ ಇವು ಕೈಕೊಟ್ಟರೆ ನಷ್ಟವು ಹಣದಲ್ಲಿ ಮುಗಿಯುವುದಿಲ್ಲ. ಅಳತೆ ಹೊಂದದ ಅಥವಾ ನಕಲಿಯೆಂದು ಕಾಣುವ ಇಂತಹ ಭಾಗವನ್ನು ಗ್ರಾಹಕ ಎಷ್ಟೇ ಒತ್ತಾಯಿಸಿದರೂ ಜೋಡಿಸದೆ ಹಿಂದಿರುಗಿಸುವುದೇ ಸರಿ. ‘ಹೊಣೆ ನನ್ನದು’ ಎಂದು ಮಾಲೀಕನು ಬರೆದುಕೊಟ್ಟರೂ ರಸ್ತೆಯಲ್ಲಿ ಎದುರಿಗೆ ಬರುವವನು ಅದಕ್ಕೆ ಸಹಿ ಹಾಕಿರುವುದಿಲ್ಲ.

ಗ್ರಾಹಕನ ಆಯ್ಕೆಯ ಹಕ್ಕು

ಹಾಗೆಂದು ಹೊರಗಿನ ಭಾಗಗಳನ್ನೆಲ್ಲ ತಿರಸ್ಕರಿಸುವುದು ಯೋಗ್ಯವಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು 14 ಕಾರು ತಯಾರಕ ಸಂಸ್ಥೆಗಳಿಗೆ ಒಟ್ಟು 2,544 ಕೋಟಿ ರೂ.ಗಳಿಗೂ ಹೆಚ್ಚು ದಂಡ ವಿಧಿಸಿತು. ಬಿಡಿಭಾಗಗಳು ಮುಕ್ತ ಮಾರುಕಟ್ಟೆಯಲ್ಲಿ ದೊರೆಯಬೇಕು, ಸ್ವತಂತ್ರ ಗ್ಯಾರೇಜಿನಲ್ಲಿ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಪಡಿಸುವ ಷರತ್ತು ಸಲ್ಲದು ಎಂದು ಅದು ಆದೇಶಿಸಿತು. ಆ ಆದೇಶ ಮುಂದೆ ಮೇಲ್ಮನವಿಗೆ ಒಳಪಟ್ಟಿತಾದರೂ, ತನ್ನ ವಾಹನವನ್ನು ಎಲ್ಲಿ, ಯಾವ ಭಾಗದಿಂದ ದುರಸ್ತಿ ಮಾಡಿಸಬೇಕೆಂಬ ಗ್ರಾಹಕನ ಆಯ್ಕೆಯನ್ನು ಚರ್ಚೆಯ ಮುನ್ನೆಲೆಗೆ ತಂದಿತು. 2022ರ ಡಿಸೆಂಬರ್ 24ರಂದು ಕೇಂದ್ರ ಸರಕಾರ ಆರಂಭಿಸಿದ ದುರಸ್ತಿ ಹಕ್ಕಿನ ಪೋರ್ಟಲ್ ವಾಹನಗಳ ಜೊತೆಗೆ ಕೃಷಿ ಉಪಕರಣಗಳನ್ನೂ ಒಳಗೊಂಡಿದೆ.

ಒಂದು ಹಾಳೆಯ ಕರಾರು

ಹಕ್ಕು ಮತ್ತು ಹೊಣೆ ಎರಡನ್ನೂ ಸರಿದೂಗಿಸಲು ದೊಡ್ಡ ದಸ್ತಾವೇಜು ಬೇಕಿಲ್ಲ. ಜಾಬ್ ಕಾರ್ಡಿನಲ್ಲಿ ಐದು ಅಂಶಗಳಿದ್ದರೆ ಸಾಕು: ಭಾಗ ತಂದವರು ಯಾರು, ಅದರ ತಯಾರಕರ ಹೆಸರು, ಸಂಖ್ಯೆ ಮತ್ತು ಬಿಲ್ಲಿನ ದಿನಾಂಕ, ಮಜೂರಿ ಎಷ್ಟು, ಜೋಡಣೆಯ ಕೆಲಸಕ್ಕೆ ಎಷ್ಟು ದಿನಗಳ ಖಾತರಿ, ಭಾಗವೇ ಕೆಟ್ಟರೆ ಮರುಜೋಡಣೆಯ ಮಜೂರಿ ಯಾರದು. ಇಬ್ಬರ ಸಹಿಯ ಒಂದು ಪ್ರತಿ ಗ್ರಾಹಕನ ಬಳಿ ಇರಬೇಕು.

ಹಂಗಾಮಿನ ಅವಸರದಲ್ಲಿ ಇದಕ್ಕೆ ತಗಲುವುದು ಹತ್ತು ನಿಮಿಷ. ಭಾಗ ತಂದವನು ಭಾಗಕ್ಕೆ, ಜೋಡಿಸಿದವನು ಜೋಡಣೆಗೆ ಉತ್ತರವಾದಿ ಎಂಬ ನಿಯಮ ಕಾಗದದ ಮೇಲೆ ಬಂದಲ್ಲಿ, ಗಿರಾಕಿ ಪೇಟೆಯಿಂದ ಭಾಗ ತಂದನೆಂದು ಮಿಸ್ತ್ರಿಯೂ, ಮಜೂರಿ ಹೆಚ್ಚಾಯಿತೆಂದು ಗಿರಾಕಿಯೂ ಮನಸ್ಸು ಕೆಡಿಸಿಕೊಳ್ಳುವ ಪ್ರಸಂಗ ಬರುವುದಿಲ್ಲ.