ಮನೋರೋಗವನ್ನು ಮೊದಲು ಗುರುತಿಸುವವರು ಯಾರು?

ಜ್ವರ ಬಂದವನನ್ನು ಮನೆಯವರೇ ಗುರುತಿಸುತ್ತಾರೆ. ಮನಸ್ಸಿನ ಬೇನೆ ಹಾಗಲ್ಲ. ನಿದ್ರೆಗೆಟ್ಟು, ಊಟ ಸೇರದೆ ಮೂಲೆ ಹಿಡಿದವನನ್ನು ಸೋಮಾರಿಯೆಂದು ಜರೆಯುವವರೇ ಹೆಚ್ಚು. ವೈದ್ಯರ ಬಳಿಗೆ ಕರೆತಂದರೂ ಆ ವೈದ್ಯರಿಗೆ ಈ ರೋಗದ ಪರಿಚಯವಿರಬೇಕಲ್ಲವೇ? 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮನೋರೋಗಗಳಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ಶೇ. 70ರಿಂದ 92ರವರೆಗೆ ಇದ್ದಿತು.

ಒಬ್ಬ ಮನೋವೈದ್ಯರು ಸಿದ್ಧರಾಗಲು ಎಂ.ಬಿ.ಬಿ.ಎಸ್.ಗೆ ಐದೂವರೆ ವರ್ಷ, ಎಂ.ಡಿ.ಗೆ ಮತ್ತೆ ಮೂರು ವರ್ಷ ಬೇಕು. ಅಲ್ಲಿಯವರೆಗೆ ರೋಗಿ ಕಾಯಲಾರನು. ಇದಕ್ಕೊಂದು ದಾರಿಯನ್ನು ನಮ್ಮ ನಾಡೇ ದೇಶಕ್ಕೆ ತೋರಿಸಿತು. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ನೀಡಿತು. ಕಾರ್ಯಕರ್ತರು ಹಳ್ಳಿಗಳಲ್ಲಿ ರೋಗಿಗಳನ್ನು ಗುರುತಿಸಿ ಕರೆತಂದರು. ವೈದ್ಯರು ಸಾಮಾನ್ಯ ಔಷಧಗಳನ್ನು ಕೊಟ್ಟರು. ಕಠಿಣವಾದುದನ್ನು ಮಾತ್ರ ತಜ್ಞರಿಗೆ ಕಳುಹಿಸಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು.

ಆದರೆ ಒಮ್ಮೆ ಪಾಠ ಹೇಳಿದ ಮಾತ್ರಕ್ಕೆ ಕೆಲಸ ಮುಗಿಯದು. ತರಬೇತಿ ಪಡೆದ ವೈದ್ಯರು ವರ್ಗವಾದರೆ ಅವರ ವಿದ್ಯೆಯೂ ಅವರೊಡನೆ ಹೋಗುತ್ತದೆ. ಕಲಿತವರು ಸಂಶಯ ಬಂದಾಗ ಕೇಳಲು ಹಿರಿಯ ತಜ್ಞರೊಬ್ಬರು ಬೇಕು. ಕೇಂದ್ರದಲ್ಲಿ ಮಾತ್ರೆಗಳು ತಪ್ಪದೆ ಇರಬೇಕು. ನಮ್ಮ ಅಭಿಪ್ರಾಯದಲ್ಲಿ ತರಬೇತಿಗಿಂತಲೂ ಈ ಬೆಂಬಲವೇ ಕಷ್ಟದ್ದು.

ಆಯುರ್ವೇದ ವೈದ್ಯರಾದ ನಾವೂ ನಮ್ಮ ಮಿತಿಯನ್ನು ಅರಿಯಬೇಕು. ಚರಕಸಂಹಿತೆಯಲ್ಲಿ ಉನ್ಮಾದದ ವಿವರಣೆಯಿದೆ ನಿಜ. ಆದರೂ 2017ರ ಮಾನಸಿಕ ಆರೋಗ್ಯ ಕಾಯ್ದೆಯು ಆಯುರ್ವೇದದಲ್ಲಿ ಮನೋವಿಜ್ಞಾನ ಮತ್ತು ಮಾನಸರೋಗದ ಸ್ನಾತಕೋತ್ತರ ಪದವಿ ಪಡೆದವರನ್ನು ಮಾತ್ರ ಈ ಕ್ಷೇತ್ರದ ವೃತ್ತಿಪರರೆಂದು ಮನ್ನಿಸುತ್ತದೆ; ನಮ್ಮಂತಹ ಬಿ.ಎ.ಎಂ.ಎಸ್. ಪದವೀಧರರನ್ನಲ್ಲ. ಅದು ಸರಿಯೆಂದೇ ನಮಗೆ ತೋರುತ್ತದೆ. ಬಹಳ ವರ್ಷಗಳ ಹಿಂದೆ, ಯಾರೋ ಬೈಯುವ ಧ್ವನಿ ಕೇಳುತ್ತದೆಯೆಂದು ಬಂದ ತರುಣನೊಬ್ಬನಿಗೆ ಬ್ರಾಹ್ಮೀಘೃತವನ್ನು ಕೊಡುತ್ತ ನಾಲ್ಕು ತಿಂಗಳು ಕಳೆದೆವು. ಮನೋವೈದ್ಯರಲ್ಲಿಗೆ ಕಳುಹಿಸುವ ವೇಳೆಗೆ ಅವನು ಅನ್ನ ಬಿಟ್ಟಿದ್ದನು. ಗುಣಮುಖನಾದನು, ಆದರೆ ಆ ನಾಲ್ಕು ತಿಂಗಳು ಅವನ ತಾಯಿ ಪಟ್ಟ ಸಂಕಟಕ್ಕೆ ನಾವೇ ಹೊಣೆ.

ಈಗ ಅಂಥವರಿಗೆ ಅಂದೇ ಚೀಟಿ ಬರೆದು ಜಿಲ್ಲಾ ಆಸ್ಪತ್ರೆಗೆ ಕಳುಹಿಸುತ್ತೇವೆ. ಸದ್ಭಕ್ತರ ಮನೆಗಳಲ್ಲಿ ಇಂತಹ ಲಕ್ಷಣ ಕಂಡು ಯಾರನ್ನು ಕೇಳುವುದೆಂದು ತೋಚದಿದ್ದರೆ, ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.