ಸಂಗನಕಲ್ಲಿನ ಹುರಳಿ, ಕೊರಲೆ

ಬಳ್ಳಾರಿ ಪಕ್ಕದ ನವಶಿಲಾಯುಗದ ನೆಲೆ ಸಂಗನಕಲ್ಲಿಗೆ ಹೋದವರಿಗೆ ಬಂಡೆಯ ಮೇಲೆ ಕುಟ್ಟಿ ಮೂಡಿಸಿದ ಗೂಳಿಗಳು ಕಾಣುತ್ತವೆ, ಕಾಳು ಅರೆದೂ ಅರೆದೂ ನುಣುಪಾದ ಗುಳಿಗಳು ಕಾಣುತ್ತವೆ. ಆ ಗುಳಿಗಳಲ್ಲಿ ಅರೆದದ್ದು ಏನನ್ನು? ಈ ಪ್ರಶ್ನೆಗೆ ಉತ್ತರ ಹುಡುಕುವ ವಿದ್ಯೆ ಪುರಾತತ್ವ ಸಸ್ಯಶಾಸ್ತ್ರ.

ಕಾಳು ಮಣ್ಣಿಗೆ ಬಿದ್ದರೆ ಮೊಳೆಯುತ್ತದೆ, ಇಲ್ಲವೇ ಕೊಳೆಯುತ್ತದೆ. ಆದರೆ ಒಲೆಯ ಕೆಂಡಕ್ಕೆ ಸಿಡಿದು, ಪೂರ್ತಿ ಬೂದಿಯಾಗದೆ ಕರಕಲಾದ ಕಾಳನ್ನು ಸೂಕ್ಷ್ಮಜೀವಿಗಳು ಮುಟ್ಟುವುದಿಲ್ಲ. ಆಕಾರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಉತ್ಖನನದಲ್ಲಿ ಸಿಕ್ಕ ಮಣ್ಣನ್ನು ಪದರವಾರು ಚೀಲಕ್ಕೆ ತುಂಬಿ, ನೀರಿನ ಬಕೆಟ್ಟಿಗೆ ಹಾಕಿ ಮೆಲ್ಲಗೆ ಕಲಕಿದರೆ ಮಣ್ಣು ತಳ ಸೇರುತ್ತದೆ, ಇದ್ದಿಲು, ಕಾಳು ತೇಲುತ್ತವೆ. ಅದನ್ನು ಬಲು ಸಣ್ಣ ಕಣ್ಣಿನ ಜರಡಿಗೆ ಸುರಿದು ನೆರಳಲ್ಲಿ ಒಣಗಿಸುತ್ತಾರೆ. ಆಮೇಲೆ ಸೂಕ್ಷ್ಮದರ್ಶಕದ ಮುಂದೆ ಕೂತು ಒಂದೊಂದೇ ಕಾಳನ್ನು ಇಂದಿನ ಬೀಜಗಳ ಜೊತೆ ಹೋಲಿಸುವ ಕೆಲಸ.

ಪುರಾತತ್ವ ಸಸ್ಯಶಾಸ್ತ್ರಜ್ಞ ಡೋರಿಯನ್ ಫುಲ್ಲರ್, ಧಾರವಾಡದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಸಂಗನಕಲ್ಲು, ತೆಕ್ಕಲಕೋಟೆ, ಹಳ್ಳೂರುಗಳಲ್ಲದೆ ಆಂಧ್ರದ ನೆಲೆಗಳ ಮಣ್ಣನ್ನೂ ಹೀಗೆ ತೇಲಿಸಿ ನೋಡಿದರು. ನೆಲೆಯಿಂದ ನೆಲೆಗೆ ಮತ್ತೆ ಮತ್ತೆ ಎದುರಾದವು ಹುರಳಿ, ಹೆಸರು, ಕೊರಲೆ ಎಂಬ ಕಿರುಧಾನ್ಯ, ಜೊತೆಗೆ ನವಣೆಯ ಹತ್ತಿರದ ಬಳಗದ ಇನ್ನೊಂದು ಕಿರುಧಾನ್ಯ. ಎಲ್ಲವೂ ಮುಂಗಾರಿನ ಮಳೆಗೆ ಬೆಳೆಯುವಂಥವು, ಇಲ್ಲಿನ ಹವೆಗೆ ಒಗ್ಗಿದವು. ಚಳಿಗಾಲದ ಗೋಧಿ, ಬಾರ್ಲಿ ಉತ್ತರದಿಂದ ಬಂದವು, ಪ್ರಮಾಣದಲ್ಲೂ ಕಡಿಮೆ. ಬೇಸಾಯವನ್ನು ಹೊರಗಿನವರಿಂದಲೇ ಕಲಿತ ನಾಡು ಇದಲ್ಲ, ದಖ್ಖನ್ನಿನ ಜನ ತಮ್ಮದೇ ಬೆಳೆಗಳನ್ನು ಪಳಗಿಸಿರಬಹುದು ಎಂಬ ವಾದಕ್ಕೆ ಬಲ ಬಂದದ್ದು ಈ ಕರಿಕಾಳುಗಳಿಂದ. ಹುರಳಿಯನ್ನು ಬಡವರ ಕಾಳು, ದನದ ಮೇವು ಎಂದು ಕಡೆಗಣಿಸುವವರು ಇದನ್ನು ತಿಳಿಯಬೇಕು.

ರಾಗಿಯ ಕಥೆ ಬೇರೆ. ಅದರ ತವರು ಪೂರ್ವ ಆಫ್ರಿಕಾ. ಭಾರತದ ಹಳೆಯ ನೆಲೆಗಳಲ್ಲಿ ರಾಗಿ ಸಿಕ್ಕಿತೆಂದು ಹಿಂದೆ ಬಂದ ಹಲವು ವರದಿಗಳನ್ನು ಮರುಪರಿಶೀಲಿಸಿದಾಗ, ಬೇರೆ ಕಿರುಧಾನ್ಯಗಳನ್ನೇ ರಾಗಿ ಎಂದು ಗುರುತಿಸಿರುವ ಸಂಶಯ ಎದ್ದಿತು. ಸಿಪ್ಪೆ ಸುಟ್ಟು ಉದುರಿ, ಕಾಳು ಉಬ್ಬಿದಾಗ ಗುರುತು ತಪ್ಪುವುದು ಸುಲಭ. ಕಾಳಿನ ಭ್ರೂಣದ ಉದ್ದ, ಮೇಲ್ಮೈಯ ಏರಿಳಿತಗಳನ್ನು ನೋಡಿಯೇ ತೀರ್ಮಾನಿಸಬೇಕು. ನಮ್ಮ ಮುದ್ದೆಯ ಪ್ರಾಚೀನತೆಯ ಬಗ್ಗೆ ಮಾತಾಡುವಾಗ ಇಷ್ಟು ಎಚ್ಚರ ಬೇಕೇ ಬೇಕು.

ಬೆಂಕಿ ಕಾಣದ್ದು ಉಳಿಯುವುದು ಅಪರೂಪ. ಸೊಪ್ಪು, ಗೆಡ್ಡೆ, ಹಣ್ಣುಗಳ ಲೆಕ್ಕ ಹಾಗಾಗಿ ಯಾವಾಗಲೂ ಕಡಿಮೆ ಬೀಳುತ್ತದೆ. ಅರೆಯುವ ಕಲ್ಲಿಗೆ ಅಂಟಿದ ಪಿಷ್ಟದ ಕಣ, ಸಸ್ಯದ ಕೋಶದಲ್ಲಿ ಕಟ್ಟಿಕೊಂಡ ಸಿಲಿಕಾ ಕಣಗಳು ಆ ಕೊರತೆಯನ್ನು ಸ್ವಲ್ಪ ತುಂಬುತ್ತವೆ. ಇದ್ದಿಲಿನ ಚೂರು ಯಾವ ಮರದ್ದೆಂದು ಹೇಳುವವರೂ ಇದ್ದಾರೆ.

ಕೊರಲೆಯನ್ನು ತುಮಕೂರು, ಚಿತ್ರದುರ್ಗ ಕಡೆಯ ಒಣಹೊಲಗಳಲ್ಲಿ ಈಗಲೂ ಬೆಳೆಯುತ್ತಾರೆ. ಕಣದಲ್ಲಿ ಬಡಿದಾಗ ಏನು ಉದುರುತ್ತದೆ, ಮೊರದಲ್ಲಿ ತೂರಿದಾಗ ಯಾವ ಕಳೆಬೀಜ ಹೊರಬೀಳುತ್ತದೆ, ಒನಕೆಯಲ್ಲಿ ಕುಟ್ಟಿದ ಮೇಲೆ ಏನು ಒಲೆಗೆ ಹೋಗುತ್ತದೆ ಎಂಬುದು ಕೈಕೆಲಸ ಬಲ್ಲ ಹೆಂಗಸರಿಗೆ ಗೊತ್ತು. ಸಂಗನಕಲ್ಲಿನಂಥ ನೆಲೆಯಲ್ಲಿ ಸಿಕ್ಕ ಒಂದು ಹಿಡಿ ಕಸ ಕಣದ್ದೋ ಅಡುಗೆಮನೆಯದ್ದೋ ಎಂದು ತಿಳಿಯಲು ವಿಜ್ಞಾನಿಗೆ ಬೇಕಾದದ್ದು ಅದೇ ತಿಳಿವಳಿಕೆ. ಹಿಟ್ಟಿನ ಗಿರಣಿ, ಸಿಪ್ಪೆ ಸುಲಿಯುವ ಯಂತ್ರಗಳು ಊರೂರಿಗೆ ಬಂದಿರುವ ಈ ಹೊತ್ತಿನಲ್ಲಿ, ಅದನ್ನು ಅವರಿಂದ ಕೇಳಿ ಬರೆದಿಟ್ಟುಕೊಳ್ಳುವುದು ಉತ್ಖನನದಷ್ಟೇ ತುರ್ತಿನ ಕೆಲಸ.