ಅಟ್ಟ ಸೇರಿದ ಬಣ್ಣದ ಪೆಟ್ಟಿಗೆ

ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಅಟ್ಟವನ್ನು ಹತ್ತಿ ನೋಡಿದರೆ, ಹಳೆಯ ಟ್ರಂಕು, ಕಾಲು ಮುರಿದ ತೊಟ್ಟಿಲು, ಹಬ್ಬಕ್ಕೆ ಮಾತ್ರ ಕೆಳಗಿಳಿಯುವ ಕೊಪ್ಪರಿಗೆ ಇವುಗಳ ನಡುವೆ ಬಣ್ಣದ ಪೆಟ್ಟಿಗೆಯೊಂದು ಸಿಕ್ಕುವುದು ಅಪೂರ್ವವೇನಲ್ಲ. ಮುಚ್ಚಳ ತೆರೆದರೆ ಬಣ್ಣದ ಬಿಲ್ಲೆಗಳು ಬೇಸಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿರುತ್ತವೆ. ಕುಂಚದ ಕೂದಲನ್ನು ನುಸಿ ತಿಂದಿರುತ್ತದೆ. ಇದು ಯಾರದೆಂದು ವಿಚಾರಿಸಿದರೆ ಮನೆಯ ಯಜಮಾನರೋ, ಹೆಚ್ಚಾಗಿ ಯಜಮಾನಿತಿಯೋ, “ನನ್ನದೇ, ಓದುವಾಗ ಚಿತ್ರ ಬರೆಯುತ್ತಿದ್ದೆ” ಎಂದು ಹೇಳಿ ಮಾತು ಬದಲಿಸುತ್ತಾರೆ.

ಬಿಟ್ಟುದೇಕೆ ಎಂಬ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ: ವೇಳೆ ಎಲ್ಲಿದೆ? ಈ ಉತ್ತರವನ್ನು ಪೂರ್ತಿಯಾಗಿ ಒಪ್ಪಲು ನನಗೆ ಮನಸ್ಸಿಲ್ಲ. ಏಕೆಂದರೆ ಅದೇ ಮನೆಯ ಹೊಸ್ತಿಲಿನ ಮುಂದೆ ದಿನವೂ ಬೆಳಗಿನಲ್ಲಿ ರಂಗವಲ್ಲಿ ಬೀಳುತ್ತದೆ. ಹಾಲು ಕಾಯಿಸುವುದು, ಮಕ್ಕಳನ್ನು ಎಬ್ಬಿಸುವುದು, ಬುತ್ತಿ ಕಟ್ಟುವುದು ಎಲ್ಲವೂ ಒಮ್ಮೆಗೇ ಮೇಲೆ ಬೀಳುವ ಹೊತ್ತಿನಲ್ಲಿಯೇ ಆ ಗೃಹಿಣಿ ಬಗ್ಗಿ ನಿಂತು ಚುಕ್ಕಿಯಿಡುತ್ತಾಳೆ, ಗೆರೆ ಎಳೆಯುತ್ತಾಳೆ. ಬಣ್ಣದ ಪೆಟ್ಟಿಗೆ ಅಟ್ಟ ಸೇರಿತು, ರಂಗವಲ್ಲಿ ಉಳಿಯಿತು. ಹೀಗೇಕಾಯಿತು?

ಸಂಪ್ರದಾಯದ ಬಲ ಅದರ ಬೆನ್ನಿಗಿರುವುದು ನಿಜ. ಆದರೆ ಅಷ್ಟೇ ಅಲ್ಲ. ರಂಗವಲ್ಲಿಗೆ ಬೇಕಾದ ಸಾಮಗ್ರಿ ಒಂದು ಹಿಡಿ ಪುಡಿ; ಅದರ ಡಬ್ಬಿ ಬಾಗಿಲ ಹಿಂದೆಯೇ ಇರುತ್ತದೆ. ಅದಕ್ಕೆ ಗೊತ್ತಾದ ಹೊತ್ತು ಒಂದುಂಟು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಗೆರೆ ಸೊಟ್ಟಗಾದರೂ ನಷ್ಟವಿಲ್ಲ. ನಾಳೆ ಹೇಗೂ ಗುಡಿಸಿ, ಸಾರಿಸಿ ಬೇರೊಂದನ್ನು ಇಡಬೇಕು. ಚಿತ್ರ ಬರೆಯುವವರ ರೀತಿಯೇ ಬೇರೆ. ಭಾನುವಾರ ಬರಬೇಕು, ಮನೆ ನಿಶ್ಶಬ್ದವಾಗಿರಬೇಕು, ನೆಲಕ್ಕೆ ಪತ್ರಿಕೆ ಹಾಸಬೇಕು, ಬರೆದದ್ದು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವಂತಿರಬೇಕು. ಇಷ್ಟೆಲ್ಲ ಕೂಡಿಬರುವ ಭಾನುವಾರಗಳು ವರ್ಷಕ್ಕೆ ಎಷ್ಟು ಸಿಕ್ಕಾವು? ಕಲೆ ಸಾಯುವುದು ವೇಳೆಯಿಲ್ಲದೆ ಅಲ್ಲ, ಸಿದ್ಧತೆಯ ಭಾರದಿಂದ ಎಂದೇ ನನ್ನ ಅಭಿಪ್ರಾಯ.

ಆದುದರಿಂದ ಮೊದಲ ಕೆಲಸ ಪೆಟ್ಟಿಗೆಯನ್ನು ಕೆಳಗಿಳಿಸುವುದು. ಅದನ್ನು ಎಸೆಯಬೇಡಿ. ಜಲವರ್ಣವೆಂದರೆ ನುಣ್ಣಗೆ ಅರೆದ ಬಣ್ಣದ ಪುಡಿಗೆ ಗೋಂದು ಕೂಡಿಸಿದ ಪದಾರ್ಥ. ಗೋಂದು ಎಷ್ಟು ವರ್ಷ ಒಣಗಿದ್ದರೂ ನೀರಿಗೆ ಕರಗುತ್ತದೆ. ಬಿರುಕು ಬಿಟ್ಟ ಬಿಲ್ಲೆಯ ಮೇಲೆ ನಾಲ್ಕು ಹನಿ ನೀರು ಬಿಟ್ಟು ಕಾಲು ಗಂಟೆ ಕಾದರೆ ಬಣ್ಣ ಎಚ್ಚೆತ್ತುಕೊಳ್ಳುವುದನ್ನು ಕಾಣುವಿರಿ. ಟ್ಯೂಬಿನಲ್ಲಿಯೇ ಗಟ್ಟಿಯಾದ ಜಲವರ್ಣವೂ ಹಾಗೆಯೇ. ಟ್ಯೂಬನ್ನು ಸೀಳಿ ಒಳಗಿನ ಗಟ್ಟಿಯನ್ನು ಬಿಲ್ಲೆಯಂತೆ ಬಳಸಬಹುದು. ಈ ಭಾಗ್ಯ ಅಕ್ರಿಲಿಕ್ ಬಣ್ಣಕ್ಕಿಲ್ಲ. ಅದು ಒಮ್ಮೆ ಒಣಗಿದರೆ ಮುಗಿಯಿತು.

ಮನೆಯಲ್ಲಿ ಪೆಟ್ಟಿಗೆಗೆ ಒಂದು ಸ್ಥಾನ ಬೇಕು, ಕೋಣೆ ಬೇಕಾಗಿಲ್ಲ. ಕಿಟಕಿಯ ಹತ್ತಿರ ಒಂದು ಸ್ಟೂಲು, ಅದರ ಮೇಲೆ ಪೆಟ್ಟಿಗೆ, ಒಂದು ಲೋಟ, ಹಳೆಯ ಪಂಚೆಯ ಚಿಂದಿ, ಕತ್ತರಿಸಿಟ್ಟ ಕಾಗದ—ಇಷ್ಟು ಯಾವಾಗಲೂ ಸಿದ್ಧವಾಗಿರಲಿ. ಕಾಗದದ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬಾರದು. ತೆಳು ಕಾಗದ ನೀರು ತಗುಲಿದೊಡನೆ ಹಪ್ಪಳದಂತೆ ಸುರುಟಿಕೊಂಡು ಬರೆಯುವವರ ಉತ್ಸಾಹವನ್ನೇ ಕೊಲ್ಲುತ್ತದೆ. ಚದರ ಮೀಟರಿಗೆ 300 ಗ್ರಾಂ ತೂಗುವ ಜಲವರ್ಣದ ಕಾಗದವನ್ನು ಕೊಳ್ಳಿ. 22 ಅಂಗುಲ ಅಗಲ, 30 ಅಂಗುಲ ಉದ್ದದ ಒಂದು ಹಾಳೆಯನ್ನು ಎಂಟು ತುಂಡು ಮಾಡಿದರೆ ಏಳೂವರೆಗೆ ಹನ್ನೊಂದು ಅಂಗುಲದ ಎಂಟು ಚಿತ್ರಗಳಿಗಾಗುತ್ತದೆ. ಹಿಂಬದಿಯನ್ನೂ ಬಳಸಿದರೆ ಹದಿನಾರು. ದುಬಾರಿಯೆಂಬ ಮಾತು ಆಗ ಉಳಿಯುವುದಿಲ್ಲ.

ಏನನ್ನು ಬರೆಯುವುದು? ಹಲವರು ಕ್ಯಾಲೆಂಡರಿನ ಹಿಮಾಲಯವನ್ನೂ ಸೂರ್ಯಾಸ್ತವನ್ನೂ ನಕಲು ಮಾಡುತ್ತಾರೆ. ಅದರಿಂದ ಕೈ ಪಳಗಬಹುದು, ಕಣ್ಣು ಪಳಗುವುದಿಲ್ಲ. ಅಡುಗೆಮನೆಯ ಈಳಿಗೆಮಣೆ, ಮೂರು ಬದನೆಕಾಯಿ, ಬೆಳಗಿದ ಹಿತ್ತಾಳೆಯ ಚೊಂಬು, ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು ಇವೇ ಸಾಕು. ಬದನೆಕಾಯಿಯ ನೇರಳೆಯಲ್ಲಿ ಕಿಟಕಿಯ ಬೆಳಕು ಎಲ್ಲಿ ಬಿಳಿಯಾಗುತ್ತದೆ, ಎಲ್ಲಿ ನೀಲಿಯಾಗುತ್ತದೆ ಎಂದು ಇಪ್ಪತ್ತು ನಿಮಿಷ ನೋಡಿದವರಿಗೆ ಮತ್ತೆ ಬದನೆಕಾಯಿ ಮೊದಲಿನಂತೆ ಕಾಣುವುದಿಲ್ಲ.

ಎಣಿಸಿದ ಎಳೆಗಳು

ಕೈಕಸಬಿನ ಮಾತಿಗೆ ಬರೋಣ. ನಮ್ಮ ಬಂಧುವರ್ಗದಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದರು. ಮದುವೆಗೆ ಮುಂಚೆ ಕಸೂತಿಯಲ್ಲಿ ಅವರದು ಎತ್ತಿದ ಕೈಯಂತೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮಾದರಿಯನ್ನು ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸು ಹೊಕ್ಕುಗಳ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ಆನೆಗಳನ್ನು ಮೂಡಿಸಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿಯಲ್ಲಿ ಸೂಜಿ ಒಂದು ಸಲ ಮುಂದೆ ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಬಟ್ಟೆಯ ಎರಡು ಮುಖವೂ ಒಂದೇ ಸಮನಾಗಿರುತ್ತದೆ. ಒಂದು ಎಳೆ ತಪ್ಪಿದರೆ ಹಿಂದಿರುಗುವಾಗ ಗೆರೆ ಕೂಡುವುದಿಲ್ಲ. ಅಂದರೆ ಮಾದರಿಗಳೆಲ್ಲ ಇರುವುದು ಬಲ್ಲವರ ತಲೆಯಲ್ಲಿ, ಲೆಕ್ಕದ ರೂಪದಲ್ಲಿ.

ಆ ಹಿರಿಯರು ತುಂಬಿದ ಸಂಸಾರಕ್ಕೆ ಬಂದವರು ಸೂಜಿಯನ್ನು ಮುಟ್ಟದೆ ಮೂವತ್ತು ವರ್ಷ ಕಳೆದರು. ಮೊಮ್ಮಗಳು ಹುಟ್ಟಿದಾಗ ಕೂಸಿನ ಕುಂಚಿಗೆಗೆ ಆನೆಯೊಂದನ್ನು ಹಾಕಬೇಕೆಂಬ ಆಸೆಯಾಯಿತು. ಕುಳಿತರು. ಬೆರಳುಗಳಿಗೆ ದಾರಿ ನೆನಪಿತ್ತು. ಕಣ್ಣಿಗೆ ಎಳೆ ಕಾಣುತ್ತಿರಲಿಲ್ಲ. ಒಂದು ಹೊಲಿಗೆಯನ್ನೂ ಅರಿಯದ ಸೊಸೆ ಪಕ್ಕದಲ್ಲಿ ಕುಳಿತು ಎಳೆ ಎಣಿಸುತ್ತ ಹೋದಳು, ಅತ್ತೆ ಹೇಳಿದಂತೆ ಸೂಜಿ ಚುಚ್ಚಿದಳು. ಆನೆ ಮುಗಿಯಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಸೊಸೆಗೆ ವಿದ್ಯೆ ಬಂದಿತ್ತು. ಆದರೆ ಅತ್ತೆಗೆ ಒಂದು ಕಾಲದಲ್ಲಿ ಬರುತ್ತಿದ್ದ ಮಾದರಿಗಳಲ್ಲಿ ನೆನಪಿಗೆ ಮರಳಿದ್ದು ನಾಲ್ಕೋ ಐದೋ. ಮಿಕ್ಕವು ಯಾವ ಕಾಗದದ ಮೇಲೂ ಇರಲಿಲ್ಲ.

ಈಗ ಕಲಿಯುವವರು ಮ್ಯಾಟಿ ಬಟ್ಟೆಯ ಮೇಲೆ ಪ್ರಾರಂಭಿಸುವುದು ಒಳ್ಳೆಯದು. ಅದರ ಎಳೆಗಳನ್ನು ಬರಿಗಣ್ಣಿನಿಂದ ಎಣಿಸಬಹುದು. ಗೊತ್ತಿರುವ ಪ್ರತಿಯೊಂದು ಮಾದರಿಯನ್ನೂ ಚೌಕುಳಿ ಹಾಳೆಯ ಮೇಲೆ ಗುರುತು ಹಾಕಿಟ್ಟುಕೊಳ್ಳಿ. ಮನೆಯಲ್ಲಿ ಹಿರಿಯರಿದ್ದರೆ ಈ ಕೆಲಸವನ್ನು ಮುಂದಕ್ಕೆ ಹಾಕಬಾರದು.

ತಡವಾಯಿತೆಂದು ಕೊರಗುವವರು ರವೀಂದ್ರನಾಥ ಠಾಕೂರರನ್ನು ನೆನೆಯಬೇಕು. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನೇ ಕೂಡಿಸಿ ಹಕ್ಕಿ, ಮೃಗ, ಮುಖಗಳನ್ನು ಮೂಡಿಸುತ್ತಿದ್ದ ಆಟ ಅರವತ್ತು ದಾಟಿದ ಮೇಲೆ ಚಿತ್ರಕಲೆಯಾಗಿ ಬೆಳೆಯಿತು. 1930ರಲ್ಲಿ ಪ್ಯಾರಿಸಿನಲ್ಲಿ ಅವರ ಮೊದಲ ಪ್ರದರ್ಶನ ನಡೆದಾಗ ವಯಸ್ಸು 69. ಬಿಟ್ಟುಹೋದ ಚಿತ್ರಗಳು ಎರಡು ಸಾವಿರಕ್ಕೂ ಹೆಚ್ಚು.

ಚೀಲದಲ್ಲಿ ಹಿಡಿಯುವ ಚಿತ್ರಶಾಲೆ

ಮನೆಯಲ್ಲಿ ಹೇಗೋ ನಡೆಯುತ್ತಿದ್ದ ಅಭ್ಯಾಸ ಪ್ರವಾಸದಲ್ಲಿ ಕಡಿದುಹೋಗುತ್ತದೆ, ಹಿಂದಿರುಗಿದ ಮೇಲೆ ಮತ್ತೆ ಕೂಡುವುದಿಲ್ಲ ಎಂದು ಅನೇಕರು ಹೇಳುವುದುಂಟು. ಇದೂ ಸಿದ್ಧತೆಯ ಭಾರದ ಮಾತೇ. ಹಿಂದಿನವರ ಕಷ್ಟವನ್ನು ನೋಡಿದರೆ ನಮ್ಮದು ಸುಖ. ಯೂರೋಪಿನ ಚಿತ್ರಕಾರರು ಅರೆದ ತೈಲವರ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿ ಒಯ್ಯುತ್ತಿದ್ದ ಕಾಲವೊಂದಿತ್ತು. ಹಿಂಡಿ ಮತ್ತೆ ಮುಚ್ಚಬಹುದಾದ ತವರದ ಟ್ಯೂಬಿಗೆ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ 1841ರಲ್ಲಿ ಪೇಟೆಂಟು ಪಡೆದ ಮೇಲೆಯೇ ಚಿತ್ರಕಾರರು ನಿರಾತಂಕವಾಗಿ ಬಯಲಿಗೆ ಹೊರಟದ್ದು.

ಹಾಗೆ ಹೊರಟವರಲ್ಲಿ ಮೇರಿಯಾನ್ ನಾರ್ತ್ ಎಂಬ ಆಂಗ್ಲ ಮಹಿಳೆಯಷ್ಟು ದೂರ ಹೋದವರು ಕಡಮೆ. ಚಿತ್ರಕಲೆ ಆಕೆಯ ಜೀವನೋಪಾಯವಲ್ಲ. 1869ರಲ್ಲಿ ತಂದೆ ತೀರಿಕೊಂಡ ಬಳಿಕ, ನಲವತ್ತರ ಹೊಸ್ತಿಲಿನಲ್ಲಿ ಗಿಡಮರಗಳನ್ನು ಅವು ಬೆಳೆದ ನೆಲದಲ್ಲಿಯೇ ಚಿತ್ರಿಸಬೇಕೆಂದು ಹೊರಟು ಬ್ರೆಜಿಲ್, ಜಾವಾ, ಬೋರ್ನಿಯೋ, ಆಸ್ಟ್ರೇಲಿಯಗಳನ್ನು ಸುತ್ತಿದಳು. 1877ರಿಂದ 1879ರವರೆಗೆ ಭಾರತದಲ್ಲಿಯೂ ಸಂಚರಿಸಿದಳು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಆಕೆ ತನ್ನ ಖರ್ಚಿನಿಂದಲೇ ಕಟ್ಟಿಸಿದ ಚಿತ್ರಶಾಲೆ 1882ರಲ್ಲಿ ತೆರೆಯಿತು. ಎಂಟುನೂರಕ್ಕೂ ಮಿಕ್ಕ ಚಿತ್ರಗಳು ಗೋಡೆ ಕಾಣದಂತೆ ಒತ್ತೊತ್ತಾಗಿ ಇಂದಿಗೂ ಅಲ್ಲಿವೆ.

ವಿನ್‌ಸ್ಟನ್ ಚರ್ಚಿಲ್ ನಮ್ಮ ದೇಶಕ್ಕೆ ಮಿತ್ರನಾಗಿರಲಿಲ್ಲ. ಆದರೂ ಈ ಪ್ರಸಂಗದಲ್ಲಿ ಅವನನ್ನು ಬಿಡುವಂತಿಲ್ಲ. 1915ರಲ್ಲಿ ಅಧಿಕಾರದಿಂದ ಕೆಳಗಿಳಿದು ಮಂಕಾಗಿ ಕುಳಿತಿದ್ದಾಗ, ನಲವತ್ತನೆಯ ವಯಸ್ಸಿನಲ್ಲಿ ಮೊದಲ ಸಲ ಕುಂಚ ಹಿಡಿದು, ಐನೂರಕ್ಕೂ ಹೆಚ್ಚು ಚಿತ್ರಗಳನ್ನು ಬರೆದ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬರೆದುದು ಒಂದೇ ಒಂದು: 1943ರ ಜನವರಿಯಲ್ಲಿ, ಮೊರಾಕೋದ ಮರಕೇಶ್ ಪಟ್ಟಣದ ಮಸೀದಿಯ ಗೋಪುರ, ಅದನ್ನು ರೂಸ್‌ವೆಲ್ಟನಿಗೆ ಕಾಣಿಕೆಯಾಗಿ ಕೊಟ್ಟ. ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತುದೂ ಆ ವರ್ಷವೇ ಎಂಬುದನ್ನು ಮರೆಯದೆ ಈ ಚಿತ್ರವನ್ನು ನೋಡುವುದು ನಮಗೆ ಕಷ್ಟ. ಕಲೆ ಮನುಷ್ಯನಿಗೆ ವಿಶ್ರಾಂತಿಯನ್ನು ಕೊಡುತ್ತದೆ. ಅಂತಃಕರಣವನ್ನೂ ಕೊಡುತ್ತದೆಂದು ಯಾರೂ ಭರವಸೆ ಕೊಡಲಾರರು.

ನಮ್ಮಂಥವರ ಪ್ರಯಾಣಕ್ಕೆ ತೈಲವರ್ಣ ಬೇಡ. ಟರ್ಪೆಂಟೈನ್ ಬೆಂಕಿ ಹತ್ತುವ ವಸ್ತು. ಅದನ್ನು ರೈಲಿನಲ್ಲಾಗಲಿ ವಿಮಾನದಲ್ಲಾಗಲಿ ಒಯ್ಯುವಂತಿಲ್ಲ. ಖಾಲಿಯಾದ ಪುಟ್ಟ ತವರದ ಡಬ್ಬಿಯೊಂದರಲ್ಲಿ ಆರು ಬಣ್ಣ ಸಾಕು. ಟ್ಯೂಬಿನಿಂದ ಚಿಕ್ಕ ಬಟ್ಟಲುಗಳಿಗೆ ಹಿಂಡಿ ಎರಡು ಮೂರು ದಿನ ಒಣಗಿಸಿಟ್ಟರೆ ಚೆಲ್ಲುವ ಭಯವಿಲ್ಲ. ಅಲ್ಟ್ರಮೆರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಎಂಬ ಕಂದು ಇವೆರಡು ಇರಲೇಬೇಕು; ಇವುಗಳ ಮಿಶ್ರಣದಿಂದ ಬೂದಿಯ ಬಣ್ಣದಿಂದ ಹಿಡಿದು ಹೆಚ್ಚುಕಡಿಮೆ ಕಪ್ಪಿನವರೆಗೆ ಎಲ್ಲ ಛಾಯೆಗಳೂ ಬರುತ್ತವೆ. ಅಲಿಜರಿನ್ ಕ್ರಿಮ್ಸನ್ ಎಂಬ ಕೆಂಪು ಮೋಹಕವಾದುದೇ, ಆದರೆ ಬೆಳಕಿಗೆ ಮಾಸುತ್ತದೆ. ಕುಂಚವನ್ನು ಕೊಳ್ಳುವಾಗ ಒಂದು ಎಚ್ಚರಿಕೆ: ಮುಂಗುಸಿಯ ಕೂದಲಿನ ಕುಂಚಗಳು ಕೆಲವೆಡೆ ಈಗಲೂ ಗುಟ್ಟಾಗಿ ಮಾರಾಟವಾಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಮುಂಗುಸಿಗುಂಟು. ಆ ಕುಂಚದ ವ್ಯಾಪಾರ ಅಪರಾಧ. ಅದಕ್ಕಾಗಿ ಮುಂಗುಸಿಗಳನ್ನು ಕೊಲ್ಲುತ್ತಾರೆಂಬುದು ತಿಳಿದ ಮೇಲೆ ಕಾಯಿದೆಯಿಲ್ಲದಿದ್ದರೂ ಅದನ್ನು ಹಿಡಿಯಲು ಕೈ ಬರಬಾರದು. ನೈಲಾನಿನ ಒಳ್ಳೆಯ ಕುಂಚಗಳು ಎಲ್ಲೆಡೆಯೂ ದೊರೆಯುತ್ತವೆ.

ಊರು ಬದಲಾದಂತೆ ಬಣ್ಣದ ನಡತೆಯೂ ಬದಲಾಗುತ್ತದೆ. ಹಂಪೆಯ ಏಪ್ರಿಲ್ ಬಿಸಿಲಿನಲ್ಲಿ ಕುಂಚ ಎತ್ತುವುದರೊಳಗೆ ಬಳಿದ ಬಣ್ಣ ಒಣಗಿರುತ್ತದೆ. ಕಾಗದವನ್ನು ಮೊದಲೇ ಒದ್ದೆ ಮಾಡಿಕೊಂಡು, ಬಂಡೆಯ ನೆರಳಿನಲ್ಲಿ, ಬೆಳಿಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸಬೇಕು. ಆಷಾಢದ ಆಗುಂಬೆಯಲ್ಲಿ ಬಳಿದ ಆಕಾಶ ಒಂದು ಗಂಟೆಯಾದರೂ ಒಣಗದೆ ಕೆಳಗಿನ ಕಾಡಿನೊಳಕ್ಕೆ ಇಳಿದುಬರುತ್ತದೆ. ಅಲ್ಲಿ ಪೆನ್ಸಿಲಿನಿಂದ ಗೆರೆಗಳನ್ನು ಮಾತ್ರ ಹಾಕಿಕೊಂಡು, ಬಣ್ಣದ ಹೆಸರುಗಳನ್ನು ಅಂಚಿನಲ್ಲಿ ಬರೆದುಕೊಂಡು ಬರುವುದೇ ಜಾಣತನ. ಕೆಲವೊಮ್ಮೆ ಹಾಗೆ ಇಳಿದುಬಂದ ಆಕಾಶವೇ ಮಳೆಯ ಸರಿಯಾದ ಚಿತ್ರವಾಗಿ ಬಿಡುವುದೂ ಉಂಟು!

ಓಡುವ ರೈಲಿನ ಕಿಟಕಿಯಾಚೆಯ ದೃಶ್ಯವನ್ನು ಹಿಡಿಯಲು ಹೊರಡುವುದು ವ್ಯರ್ಥ. ಎದುರು ಬೆಂಚಿನಲ್ಲಿ ನಿದ್ದೆ ಹೋದ ಸಹಪ್ರಯಾಣಿಕರಷ್ಟು ಉತ್ತಮ ಮಾದರಿ ಮತ್ತೊಂದಿಲ್ಲ. ಎಚ್ಚರವಾದಾಗ ತೋರಿಸಿದರೆ ಬಹುಮಂದಿ ಸಂತೋಷಪಡುತ್ತಾರೆ. ಕಸೂತಿಯವರು ಬಸ್ಸಿನ ಕುಲುಕಾಟದಲ್ಲಿ ಎಳೆ ಎಣಿಸಲು ಹೋಗಬಾರದು. ನಿಲ್ದಾಣದಲ್ಲಿ ಕಾಯುವ ಹೊತ್ತು ಅವರದು, ಮತ್ತು ನಮ್ಮ ದೇಶದಲ್ಲಿ ಆ ಹೊತ್ತಿಗೆ ಬರವಿಲ್ಲ.

ಇನ್ನು ಜನರ ವಿಚಾರ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಬಣ್ಣದ ಡಬ್ಬಿ ತೆರೆದರೆ ಐದು ನಿಮಿಷದಲ್ಲಿ ಹತ್ತು ಮಂದಿ ಸುತ್ತುಗಟ್ಟುವರು. ಬೆನ್ನಿಗೆ ಗೋಡೆಯಿರುವಂತೆ ಕುಳಿತರೆ ಅರ್ಧ ತೊಂದರೆ ತಪ್ಪಿತು. ಸಂಕೋಚ ಬಿಡದವರು ಜೊತೆಗೂಡಿ ಹೊರಡಬಹುದು. ಅಮೆರಿಕದ ಸಿಯಾಟಲ್ ನಗರದಲ್ಲಿ ಪತ್ರಕರ್ತ ಗೇಬ್ರಿಯಲ್ ಕಾಂಪನಾರಿಯೋ 2007ರಲ್ಲಿ ಆರಂಭಿಸಿದ ‘ಅರ್ಬನ್ ಸ್ಕೆಚರ್ಸ್’ ಎಂಬ ಬಳಗ, ಊರುಕೇರಿಗಳನ್ನು ಸ್ಥಳದಲ್ಲಿಯೇ ಕುಳಿತು ಬರೆಯುವವರನ್ನು ಅನೇಕ ದೇಶಗಳಲ್ಲಿ ಒಂದುಗೂಡಿಸಿದೆ; ಬೆಂಗಳೂರಿನಲ್ಲಿಯೂ ಹೀಗೆ ಕೂಡಿ ಬರೆಯುವವರಿದ್ದಾರೆ.

ಜೇಬಿನಲ್ಲಿ ಮೊಬೈಲು ಇರುವಾಗ ಇಷ್ಟೊಂದು ಪಾಡೇಕೆ, ಒಂದು ಫೋಟೋ ಹೊಡೆದುಕೊಂಡು ಮನೆಯಲ್ಲಿ ಬರೆಯಬಹುದಲ್ಲ ಎನ್ನುವವರುಂಟು. ಬರೆಯಬಹುದು. ಆದರೆ ಫೋಟೋದಲ್ಲಿ ನೆರಳೆಲ್ಲ ಬರಿಯ ಕಪ್ಪಾಗಿರುತ್ತದೆ. ಆ ನೆರಳಿನೊಳಗಿದ್ದ ನೀಲಿ, ನೇರಳೆಗಳನ್ನು ಕಣ್ಣು ಮಾತ್ರ ಕಂಡಿರುತ್ತದೆ. ಫೋಟೋ ನೆನಪಿಗಿರಲಿ; ಮೊದಲ ಹತ್ತು ನಿಮಿಷ ಪೆನ್ಸಿಲಿಗೆ ಇರಲಿ. ಇದೇ ಮೊಬೈಲಿನಲ್ಲಿ ಚಿತ್ರ ಕಲಿಸುವ ಪಾಠಗಳನ್ನು ರಾತ್ರಿಯಿಡೀ ನೋಡಿ, ಒಂದು ಗೆರೆಯನ್ನೂ ಎಳೆಯದೆ ಮಲಗುವವರ ಸಂಖ್ಯೆಯೂ ಚಿಕ್ಕದಲ್ಲ.

ಊರಿಗೆ ಮರಳಿದ ದಿನವೇ ಚಿತ್ರಗಳ ಹಿಂಬದಿಯಲ್ಲಿ ಸ್ಥಳ, ತಾರೀಖು, ಹೊತ್ತು ಇವನ್ನು ಪೆನ್ಸಿಲಿನಿಂದ ಬರೆಯಿರಿ. ಮಸಿ ಮುಂಬದಿಗೆ ಒಸರೀತು. ಕರಾವಳಿ, ಮಲೆನಾಡುಗಳಲ್ಲಿ ಕಾಗದಕ್ಕೂ ಬಣ್ಣದ ಬಿಲ್ಲೆಗಳಿಗೂ ಬೂಷ್ಟು ಹಿಡಿಯುವುದು ಬೇಗ. ಪೆಟ್ಟಿಗೆಯ ಒಳಗು ಪೂರ್ತಿ ಆರಿದ ಮೇಲೆಯೇ ಮುಚ್ಚಳ ಹಾಕಬೇಕು, ಚಿತ್ರಗಳನ್ನು ಒಣ ದಿನಗಳಲ್ಲಿ ಆಗಾಗ ಹೊರತೆಗೆದು ನೆರಳಿನಲ್ಲಿ ಗಾಳಿಗೆ ಹರಡಬೇಕು. ಕಟ್ಟು ಹಾಕಿಸುವುದಾದರೆ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ರಟ್ಟಿನ ಅಂಚನ್ನು ಕೊಡಲು ಹೇಳಿ. ನೇರ ಬಿಸಿಲು ಬೀಳುವ ಗೋಡೆಯಾಗಲಿ, ಒಗ್ಗರಣೆಯ ಹೊಗೆ ಹಾಯುವ ಗೋಡೆಯಾಗಲಿ ಬೇಡ. ನಡುಮನೆಯ ಒಳಗೋಡೆ ಸಾಕು.